ಕನ್ನಡಕದಲ್ಲಿ ಗುರಿ ಮುಟ್ಟಿತು, ಸಿ.ಟಿ.ಯಲ್ಲಿ ತಪ್ಪಿತು

ಪ್ರಶ್ನೆ: ರೇಡಿಯಾಲಜಿ ಎಂ.ಡಿ. ಓದುತ್ತಿದ್ದೇನೆ. ಎಆರ್ ಕನ್ನಡಕ (ಎದುರಿನ ವಸ್ತುವಿನ ಮೇಲೆ ಕಂಪ್ಯೂಟರ್ ಚಿತ್ರವನ್ನು ಕೂರಿಸಿ ತೋರಿಸುವಂಥದು) ಹಾಕಿಕೊಂಡು, ದೇಹದ ಬದಲಿಗೆ ಬಳಸುವ ಜೆಲಟಿನ್ ಮಾದರಿಯ ಮೇಲೆ ಬಯಾಪ್ಸಿ ಸೂಜಿ (ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವ ಸೂಜಿ) ಹಾಕುವ ಅಭ್ಯಾಸ ನಡೆದಿದೆ. ಕನ್ನಡಕದಲ್ಲಿ ಸೂಜಿ ಗಡ್ಡೆಗೆ ತಾಗಿದಂತೆ ಕಾಣುತ್ತದೆ, ಸಿ.ಟಿ. ತೆಗೆದರೆ ಒಂದು ಸೆಂ.ಮೀ. ಆಚೆ ಇರುತ್ತದೆ. ತಪ್ಪು ಎಲ್ಲಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹತ್ತು ಸಲ ಚುಚ್ಚಿ, ಪ್ರತಿ ಸಲ ಎಷ್ಟು, ಯಾವ ಕಡೆಗೆ ತಪ್ಪಿತು ಎಂದು ಬರೆದಿಡಿ. ಹತ್ತೂ ಒಂದೇ ದಿಕ್ಕಿಗೆ ಅಷ್ಟಷ್ಟೇ ತಪ್ಪಿದ್ದರೆ ದೋಷ ಜೋಡಣೆಯದು, ಅಂದರೆ ಚಿತ್ರವನ್ನು ಮಾದರಿಯ ಮೇಲೆ ಕೂರಿಸಿದ್ದರದು. ನಾಲ್ಕೂ ಕಡೆ ಚದುರಿದ್ದರೆ ಕೈಯದು. ಆಳಕ್ಕೆ ಹೋದಷ್ಟೂ ಹೆಚ್ಚುತ್ತಿದ್ದರೆ ಕೋನದ್ದು, ಇಲ್ಲವೇ ಸೂಜಿ ಬಾಗುತ್ತಿದೆ.

ಹೆಚ್ಚಿನ ಸಲ ಸಿಕ್ಕಿಬೀಳುವುದು ಜೋಡಣೆಯೇ. ಕನ್ನಡಕ ತೋರಿಸುವ ಗಡ್ಡೆ ಮೊದಲೇ ತೆಗೆದ ಸಿ.ಟಿ.ಯ ಚಿತ್ರ, ಅದನ್ನು ಮೇಜಿನ ಮೇಲಿನ ಜೆಲಟಿನ್ ಡಬ್ಬಿಗೆ ಕೂರಿಸುವುದು ಮಾರ್ಕರ್‌ಗಳು, ಅಂದರೆ ಡಬ್ಬಿಗೆ ಅಂಟಿಸುವ ಗುರುತುಗಳು. ಮೂರನ್ನು ಒಂದೇ ಸಾಲಿನಲ್ಲಿ ಅಂಟಿಸಿದರೆ ಚಿತ್ರ ಆ ಸಾಲಿನ ಸುತ್ತ ವಾಲುತ್ತದೆ. ಐದಾರು ಮಾರ್ಕರ್‌ಗಳನ್ನು ಗಡ್ಡೆಯ ಸುತ್ತ, ಬೇರೆಬೇರೆ ಎತ್ತರದಲ್ಲಿ ಅಂಟಿಸಿ. ಒಂದನ್ನು ಜೋಡಣೆಗೆ ಬಳಸದೆ ಬಿಟ್ಟು, ಕೊನೆಗೆ ಅದಕ್ಕೇ ಸೂಜಿಯ ತುದಿ ತಾಗಿಸಿ ನೋಡಿ. ಅಲ್ಲೇ 3 ಮಿ.ಮೀ. ತಪ್ಪುತ್ತಿದ್ದರೆ ಚುಚ್ಚಲು ಹೋಗಬೇಡಿ. ಸಿ.ಟಿ. ಸ್ಲೈಸ್ (ಚಿತ್ರದ ಒಂದೊಂದು ಪದರದ ದಪ್ಪ) 1 ಮಿ.ಮೀ. ಇರಲಿ, 5 ಮಿ.ಮೀ. ಆದರೆ ಗಡ್ಡೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ.

ಕೋನದ ಲೆಕ್ಕ ಸುಲಭ: 10 ಸೆಂ.ಮೀ. ಆಳದ ಗುರಿಗೆ 5 ಡಿಗ್ರಿ ತಪ್ಪಿದರೆ ತುದಿ ಸುಮಾರು 9 ಮಿ.ಮೀ. ಪಕ್ಕಕ್ಕೆ. ಓರೆ ತುದಿಯ ತೆಳು 22 ಗೇಜ್ ಸೂಜಿ ದಾರಿಯಲ್ಲೇ ಬಾಗುತ್ತದೆ, ಕನ್ನಡಕ ಮಾತ್ರ ನೇರ ಗೆರೆಯನ್ನೇ ತೋರಿಸುತ್ತಿರುತ್ತದೆ. ಅದಕ್ಕಿಂತ ದಪ್ಪದ 18 ಗೇಜಿನಲ್ಲಿ ಕೈ ಕುದುರಿಸಿಕೊಂಡು ಆಮೇಲೆ ತೆಳು ಸೂಜಿ ಹಿಡಿಯಿರಿ.

ನಿಮ್ಮ ಎಆರ್ ಕನ್ನಡಕ ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2 ಆದರೆ ಕಣ್ಣಿನದೂ ಒಂದು ತಕರಾರಿದೆ. ಅದರ ಚಿತ್ರದ ಫೋಕಸ್ ಸುಮಾರು 2 ಮೀಟರ್ ದೂರದಲ್ಲಿ, ನಿಮ್ಮ ಕೈ ಅರ್ಧ ಮೀಟರಿನಲ್ಲಿ. ಎರಡೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ, ಆಳದ ಅಂದಾಜು ಕೆಡುತ್ತದೆ. ದಿಕ್ಕಿಗೆ ಕನ್ನಡಕ ನೋಡಿ, ಆಳಕ್ಕೆ ಸೂಜಿಯ ಮೇಲಿನ ಸೆಂ.ಮೀ. ಗುರುತು ಎಣಿಸಿ.

ಇನ್ನು ಜೆಲಟಿನ್. ಲೀಟರ್ ನೀರಿಗೆ 100 ಗ್ರಾಂ. ಅಲ್ಟ್ರಾಸೌಂಡ್ ಕೂಡ ಮಾಡುವುದಿದ್ದರೆ ಒಂದೆರಡು ಚಮಚ ಇಸಬಗೋಲ್, ನಮ್ಮ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವಂಥದು. ಅರ್ಧ ಸುರಿದು ಗಟ್ಟಿಯಾದ ಮೇಲೆ, ಗಡ್ಡೆಯ ಬದಲಿಗೆ ಪೆನ್ಸಿಲ್ ಅಳಿಸುವ ರಬ್ಬರಿನ 1 ಸೆಂ.ಮೀ. ತುಂಡು ಇಟ್ಟು ಉಳಿದದ್ದನ್ನು ಉಗುರುಬೆಚ್ಚಗೆ ಸುರಿಯಿರಿ. ಬಿಸಿಯಿದ್ದರೆ ಕೆಳಪದರ ಕರಗುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಎ.ಸಿ. ನಿಂತರೆ ಜೆಲಟಿನ್ ಮೆತ್ತಗಾಗಿ ರಬ್ಬರ್ ಕೆಳಗೆ ಇಳಿಯುತ್ತದೆ. ಬೆಳಗಿನ ಸಿ.ಟಿ. ಆಗ ಸುಳ್ಳು. ಫ್ರಿಜ್ಜಿನಲ್ಲಿಡಿ, ಸಂಶಯ ಬಂದರೆ ಮತ್ತೆ ಸ್ಕ್ಯಾನ್ ಮಾಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಲಿವರ್ ಬಯಾಪ್ಸಿ ಇದೆ. ಇಂಥ ಕನ್ನಡಕ ಹಾಕಿಕೊಂಡು ಕಲಿಯುವವರು ಅವರ ಮೇಲೆ ಪ್ರಯೋಗ ಮಾಡುತ್ತಾರೆಯೇ?
– ಓದುಗರು, ಗದಗ

ಉತ್ತರ: ಲಿವರ್ ಬಯಾಪ್ಸಿಯನ್ನು ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೋಡುತ್ತ ಮಾಡುತ್ತಾರೆ. ಉಸಿರಾಡಿದಂತೆ ಲಿವರ್ ಮೇಲೆ ಕೆಳಗೆ ಸರಿಯುತ್ತದೆ, ಜೆಲಟಿನ್ ಸರಿಯುವುದಿಲ್ಲ. ಹಾಗಾಗಿ ಹಳೇ ಚಿತ್ರವೊಂದನ್ನೇ ನಂಬಿ ಯಾರೂ ಚುಚ್ಚಬಾರದು. ಸೂಜಿ ಹಾಕುವವರು ಯಾರು, ಪಕ್ಕದಲ್ಲಿ ಹಿರಿಯ ವೈದ್ಯರು ಇರುತ್ತಾರೆಯೇ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ. ತಂದೆಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ಡಾಕ್ಟರಿಗೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.