ಮಲ್ಲಿಗೆ ಲೆಕ್ಕದಲ್ಲಿ 950 ಬದಲು 90050 ಯಾಕೆ ಬಂತು?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಶಂಕರಪುರ, ಮನೆಯಲ್ಲಿ ಮಲ್ಲಿಗೆ ಕೃಷಿ ಇದೆ. ನಾನು ಬಿ.ಕಾಂ. ಓದುತ್ತಿದ್ದೇನೆ. ಎಚ್‌ಟಿಎಂಎಲ್, ಸಿಎಸ್‌ಎಸ್ ಕಲಿತು ಒಂದು ವೆಬ್ ಪುಟ ಮಾಡಿದ್ದೇನೆ. ಗಿರಾಕಿಗಳು ಎಷ್ಟು ಚೆಂಡು (ಕಟ್ಟಿದ ಮಲ್ಲಿಗೆಯ ಅಳತೆ) ಬೇಕು ಅಂತ ಬರೆದು ಬಟನ್ ಒತ್ತಿದರೆ ಒಟ್ಟು ದುಡ್ಡು ಕಾಣಬೇಕು. ನೆಟ್‌ನಲ್ಲಿ ಸಿಕ್ಕ ಕೋಡ್ ಹಾಕಿದೆ. ಮೊದಲು ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಗೆಳೆಯ ಆ ಕೋಡ್ ಇರುವ ಸ್ಕ್ರಿಪ್ಟನ್ನು ಪುಟದ ಕೆಳಗೆ ಹಾಕಿಕೊಟ್ಟ. ಈಗ 950 ಬರಬೇಕಾದಲ್ಲಿ 90050 ಬರುತ್ತದೆ. ಒಬ್ಬರು ಮೊದಲು ಜಾವಾ ಕಲಿ ಅನ್ನುತ್ತಾರೆ, ಇನ್ನೊಬ್ಬರು ನೇರ ರಿಯಾಕ್ಟ್ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡೂ ಈಗ ಬೇಡ. ನೀವು ಹಾಕಿದ ಕೋಡ್ ಜಾವಾಸ್ಕ್ರಿಪ್ಟ್ ಭಾಷೆಯದು, ಅಲ್ಲಿಂದಲೇ ಶುರು ಮಾಡಿ. ಜಾವಾಗೂ ಜಾವಾಸ್ಕ್ರಿಪ್ಟಿಗೂ ಹೆಸರಷ್ಟೇ ನಂಟು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. ಆಗ ಜಾವಾ ಹೆಸರು ಎಲ್ಲರ ಬಾಯಲ್ಲಿತ್ತು, ಹಾಗಾಗಿ ಇದಕ್ಕೂ ಆ ಹೆಸರು ಅಂಟಿತು. ರಿಯಾಕ್ಟ್ ಜಾವಾಸ್ಕ್ರಿಪ್ಟ್‌ನಲ್ಲೇ ಬರೆದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಒಳಗಿನ ಭಾಷೆ ಬಾರದೆ ಅದನ್ನು ಹಿಡಿದರೆ ಎಲ್ಲಿ ತಪ್ಪಾಯಿತು ಅಂತಲೇ ಗೊತ್ತಾಗುವುದಿಲ್ಲ.

ನಿಮ್ಮ 90050ಕ್ಕೆ ಬರುತ್ತೇನೆ, ಕಲಿಯೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಸಿಗಲ್ಲ. ಅಟ್ಟೆಗೆ, ಅಂದರೆ ನಿಮ್ಮ ಕಡೆ ಮಲ್ಲಿಗೆ ಮಾರುವ ದೊಡ್ಡ ಅಳತೆಗೆ, 1200 ರೂಪಾಯಿ ಇದೆ ಅಂದುಕೊಳ್ಳಿ. ಒಂದು ಅಟ್ಟೆಗೆ 4 ಚೆಂಡು, ಹಾಗಾಗಿ 3 ಚೆಂಡಿಗೆ 900. ಬಸ್ಸಿಗೆ ಹಾಕಿ ಕಳಿಸುವ ಖರ್ಚು 50 ಸೇರಿದರೆ 950. ಆದರೆ ಇನ್‌ಪುಟ್ ಪೆಟ್ಟಿಗೆಯಿಂದ ವ್ಯಾಲ್ಯೂ ತೆಗೆದರೆ ಬರುವುದು ಅಕ್ಷರ, ಅಂದರೆ ಸ್ಟ್ರಿಂಗ್. ಪೆಟ್ಟಿಗೆಯ ಟೈಪ್ ನಂಬರ್ ಅಂತ ಕೊಟ್ಟರೂ ಅಷ್ಟೇ. ಭಾಗಾಕಾರ, ಗುಣಾಕಾರ ಮಾಡುವಾಗ ಜಾವಾಸ್ಕ್ರಿಪ್ಟ್ ಆ ಅಕ್ಷರವನ್ನು ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ, ಅದಕ್ಕೇ 900 ಸರಿ ಬಂತು. ಪ್ಲಸ್ ಮಾತ್ರ ಹಾಗಲ್ಲ. ಒಂದು ಬದಿ ಸ್ಟ್ರಿಂಗ್ ಇದ್ದರೆ ಅದು ಕೂಡುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ. ಬಸ್ಸಿನ ಖರ್ಚನ್ನೂ ಪೆಟ್ಟಿಗೆಯಿಂದಲೇ ತೆಗೆದಿರಬೇಕು, ಆ 50 ಇನ್ನೂ ಸ್ಟ್ರಿಂಗೇ, ಹಾಗಾಗಿ 900ರ ಪಕ್ಕ 50 ಅಂಟಿ 90050 ಆಯಿತು. ಪೆಟ್ಟಿಗೆಯಿಂದ ತೆಗೆದ ಕೂಡಲೇ ನಂಬರ್ ಫಂಕ್ಷನ್‌ಗೆ ಕೊಟ್ಟು ಸಂಖ್ಯೆ ಮಾಡಿಕೊಳ್ಳಿ, ಸರಿಹೋಗುತ್ತದೆ.

ಮೊದಲು ಬಟನ್ ಸುಮ್ನೆ ಕೂತಿದ್ದಕ್ಕೂ ಕಾರಣ ಇದೆ. ಬ್ರೌಸರ್ ಪುಟವನ್ನು ಮೇಲಿಂದ ಕೆಳಗೆ ಓದುತ್ತದೆ. ಸ್ಕ್ರಿಪ್ಟ್ ಪುಟದ ಮೇಲ್ಭಾಗದ ಹೆಡ್‌ನಲ್ಲಿದ್ದರೆ ಅದು ಓಡುವ ಹೊತ್ತಿಗೆ ಬಟನ್ ಇನ್ನೂ ಹುಟ್ಟಿಯೇ ಇಲ್ಲ, ಇಲ್ಲದ ಬಟನ್ನನ್ನು ಹುಡುಕಿದರೆ ನಲ್, ಅಂದರೆ ಏನೂ ಇಲ್ಲ ಅಂತ, ಸಿಗುತ್ತದೆ. ನಿಮ್ಮ ಗೆಳೆಯ ಮಾಡಿದ್ದು ಸರಿ. ಆದರೆ ಯಾಕೆ ಸರಿ ಅಂತ ಅವರು ನಿಮಗೆ ಹೇಳಬೇಕಿತ್ತು ಅಲ್ವಾ? ಸ್ಕ್ರಿಪ್ಟ್ ಬೇರೆ ಫೈಲಿನಲ್ಲಿದ್ದರೆ ಅದರ ಟ್ಯಾಗಿನಲ್ಲಿ ಡಿಫರ್ ಅಂತ ಸೇರಿಸಿದರೂ ಸಾಕು, ಪುಟ ಓದಿ ಮುಗಿದ ಮೇಲೇ ಅದು ಓಡುತ್ತದೆ.

ಇನ್ನು ಮುಂದೆ ಲ್ಯಾಪ್‌ಟಾಪ್‌ನಲ್ಲಿ ಎಫ್12 ಒತ್ತಿ ಕನ್ಸೋಲ್, ಅಂದರೆ ಬ್ರೌಸರ್ ತಪ್ಪುಗಳನ್ನು ತೋರಿಸುವ ಜಾಗ, ತೆರೆದಿಟ್ಟುಕೊಂಡೇ ಕೆಲಸ ಮಾಡಿ. ಕೆಂಪು ಸಾಲು ಕಂಡರೆ ಹೆದರಬೇಡಿ, ಎಷ್ಟನೇ ಸಾಲಿನಲ್ಲಿ ತಪ್ಪಿದೆ ಅಂತಲೂ ಅದೇ ಹೇಳುತ್ತದೆ. ಕಾಪಿ ಮಾಡುವುದು ಬಿಡಿ, ಕೈಯಾರೆ ಟೈಪ್ ಮಾಡಿ. ಸಣ್ಣಕ್ಷರ, ದೊಡ್ಡಕ್ಷರ ಇಲ್ಲಿ ಬೇರೆ ಬೇರೆ. ಪುಟದ ವಸ್ತುವನ್ನು ಹುಡುಕುವ ಗೆಟ್‌ಎಲಿಮೆಂಟ್‌ಬೈಐಡಿ ಬರೆಯುವಾಗ ಕೊನೆಯ ಐಡಿಯಲ್ಲಿ ಐ ದೊಡ್ಡದು, ಡಿ ಸಣ್ಣದು. ಇಲ್ಲಿ ಜಾರಿದವರು ಬಹಳ ಜನ.

ನಿಮಗೆ ಈಗ ಬೇಕಾಗಿರುವುದು ಮೂರೇ ಕೆಲಸ: ಪುಟದಲ್ಲಿ ಒಂದು ವಸ್ತುವನ್ನು ಹುಡುಕುವುದು, ಅದರ ಮೇಲೆ ಕ್ಲಿಕ್ ಆಯಿತಾ ಅಂತ ಕಾಯುವುದು, ಆದಾಗ ಬರಹ ಬದಲಿಸುವುದು. ಅಟ್ಟೆಯ ದರ ದಿನಾ ಬದಲಾಗುತ್ತದಲ್ಲ, ಅದನ್ನು ಫೈಲಿನ ಮೊದಲಲ್ಲೇ ಒಂದೇ ವೇರಿಯೇಬಲ್‌ನಲ್ಲಿ (ಹೆಸರು ಕೊಟ್ಟು ಬೆಲೆ ಇಡುವ ಜಾಗ) ಇಡಿ, ಬೆಳಿಗ್ಗೆ ಒಂದೇ ಸಾಲು ತಿದ್ದಿದರೆ ಆಯಿತು. ಒಂದು ಎಚ್ಚರಿಕೆ. ಬ್ರೌಸರ್‌ನಲ್ಲಿ ಓಡುವ ಲೆಕ್ಕವನ್ನು ನೋಡುವವರು ತಾವೇ ಬದಲಿಸಬಹುದು, ಹಾಗಾಗಿ ಅಂತಿಮ ಬಿಲ್ಲನ್ನು ನೀವೇ ಇನ್ನೊಮ್ಮೆ ಲೆಕ್ಕ ಹಾಕಿ ಹೇಳಿ.

ಇಷ್ಟು ಆದ ಮೇಲೆ ನಿಮ್ಮ ಪುಟವನ್ನು ನೀವೇ ಕೆಡಿಸಿ ನೋಡಿ. ಪೆಟ್ಟಿಗೆ ಖಾಲಿ ಬಿಟ್ಟರೆ ನಂಬರ್ ಫಂಕ್ಷನ್ 0 ಕೊಡುತ್ತದೆ. ಟೆಕ್ಸ್ಟ್ ಪೆಟ್ಟಿಗೆಯಲ್ಲಿ ಯಾರಾದರೂ ಕನ್ನಡ ಅಂಕಿಯಲ್ಲಿ ೩ ಅಂತ ಬರೆದರೆ ನಾಟ್ ಎ ನಂಬರ್ ಅನ್ನುತ್ತದೆ, ಅದಕ್ಕೆ ನಮ್ಮ ಅಂಕಿ ಓದಲು ಬರುವುದಿಲ್ಲ. ಇವೆರಡನ್ನೂ ಇಫ್, ಅಂದರೆ ಷರತ್ತು, ಹಾಕಿ ತಡೆಯಿರಿ. ಸಿಕ್ಕಿಹಾಕಿಕೊಂಡರೆ ಕನ್ಸೋಲ್‌ನ ಕೆಂಪು ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ.