ಗೊಂಬೆಗೆ ಇಟ್ಟ ಹೆಸರು

“ಇದು ಅಮ್ಮನ ಮರ್ಯಾದೆ ತೆಗೆಯುವ ಕೆಲಸ ಮೇಡಂ.”

ಈ ಮಾತನ್ನು ಈ ವರ್ಷ ನನ್ನ ಹತ್ತಿರ ಸಲಹೆ ಕೇಳಲು ಬಂದ ಮೂರು ಮನೆಯವರ ಬಾಯಲ್ಲಿ ಕೇಳಿದ್ದೇನೆ. ಮೂರೂ ಕಡೆ ಜಗಳ ಒಂದೇ. ಮರೆವಿನ ಕಾಯಿಲೆ ಇರುವ ಹಿರಿಯರ ಕೈಗೆ ಗೊಂಬೆ ಕೊಡಬಹುದಾ, ಬೇಡವಾ? 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಇದೆ. ಈ ಜಗಳ ಇನ್ನೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿರಬಹುದು. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಸುರತ್ಕಲ್ ಕಡೆಯ ಮನೆ. ಅಮ್ಮನಿಗೆ 78. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಜೈಮರ್ ಅಂತ ಗೊತ್ತಾಗಿ ನಾಲ್ಕು ವರ್ಷ. ಮಗ ಗಲ್ಫಿನಿಂದ ವಾಪಸ್ ಬಂದಿದ್ದಾರೆ, ಆದರೆ ನೋಡಿಕೊಳ್ಳುವುದು ಸೊಸೆ. ಸಂಜೆ ಐದು ದಾಟಿದರೆ ಅಮ್ಮ ಗೇಟಿನ ಹತ್ತಿರ. “ಬಾಲೆಗ್ ಬಡವಾಪುಂಡು” ಅನ್ನುತ್ತಾರೆ. ಮಗುವಿಗೆ ಹಸಿವಾಗಿದೆ, ಮನೆಗೆ ಹೋಗಬೇಕು ಅಂತ. ಇದೇ ನಿಮ್ಮ ಮನೆ ಅಂದರೆ ಸಿಟ್ಟು, ಅಳು. ಎರಡು ಸಲ ಹೆದ್ದಾರಿವರೆಗೂ ಹೋಗಿದ್ದರು. ಒಂದು ದಿನ ಸೊಸೆ ಮೊಮ್ಮಗಳ ಹಳೇ ಬಟ್ಟೆಗೊಂಬೆಯನ್ನು ಸುಮ್ನೆ ಸೋಫಾದ ಮೇಲೆ ಇಟ್ಟರು. ಅಮ್ಮ ಎತ್ತಿಕೊಂಡರು. ಅವತ್ತು ಗೇಟಿಗೆ ಹೋಗಲಿಲ್ಲ. ವಾರ ಕಳೆಯುವುದರೊಳಗೆ ಮಗ ಗೊಂಬೆಯನ್ನು ಕಪಾಟಿನ ಮೇಲೆ ಎಸೆದರು. ಆಮೇಲೆ ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಬಂದರು.

“ನೆಂಟರು ಬಂದಿದ್ದರು. ಇವರಿಗೆ ಮಂಡೆ ಸಮ ಇಲ್ವಾ ಅಂತ ನನ್ನೆದುರೇ ಕೇಳಿದರು. ನಮ್ಮನ್ನು ಓದಿಸಿದ ಅಮ್ಮ ಈಗ ಗೊಂಬೆ ಆಡಿಸಬೇಕಾ? ಮಾತ್ರೆ ಸ್ವಲ್ಪ ಜಾಸ್ತಿ ಮಾಡ್ಲಿಕ್ಕೆ ಆಗುದಿಲ್ವಾ?”

ನಾನು ಡಾಕ್ಟರಲ್ಲ. ಆದರೆ ಇಂಥ ಗಲಾಟೆ ಅಡಗಿಸಲು ಕೊಡುವ ಕೆಲವು ಮನೋರೋಗದ ಮಾತ್ರೆಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಡೋಸ್ ಏರಿಸುವ ಮೊದಲು ಡಾಕ್ಟರ ಹತ್ತಿರ ಇದನ್ನು ಕೇಳಿ, ಗಲಾಟೆಗೆ ಕಾರಣವಾಗಬಹುದಾದ ಮೂತ್ರದ ಸೋಂಕು, ಮಲಬದ್ಧತೆ, ನೋವು ಏನಾದರೂ ಇದೆಯಾ ನೋಡಿಸಿ ಅಂದೆ. ಅವರು ತಲೆಯಾಡಿಸಿದರು. ಮನಸ್ಸು ಅಲ್ಲಿರಲಿಲ್ಲ.

ಆಗ ಸೊಸೆ ಮೆಲ್ಲಗೆ ಹೇಳಿದರು: “ಅತ್ತೆ ಗೊಂಬೆಗೆ ಇವರ ಹೆಸರು ಇಟ್ಟಿದ್ದಾರೆ.”

ಮನೆಯಲ್ಲಿ ಮಾತ್ರ ಕರೆಯುತ್ತಿದ್ದ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾನು ಎದುರಿಗೇ ಕೂತಿದ್ದೆ. ನೀವು ಯಾರ ಮನೆಯವರು ಅಂತ ನನ್ನನ್ನು ಕೇಳಿದರು. ಗೊಂಬೆಗೆ ನನ್ನ ಹೆಸರು,” ಅಂದರು.

ಮರ್ಯಾದೆಯ ಬಗ್ಗೆ ಹೇಳಲು ನಾನು ಕಟ್ಟಿಟ್ಟುಕೊಂಡಿದ್ದ ಭಾಷಣ ಅಲ್ಲಿಗೇ ಮುಗಿಯಿತು. ಅವರು ನೊಂದದ್ದು ನೆಂಟರ ಮಾತಿಗಲ್ಲ. ನಾನು ಕೇಳಿದೆ: “ನೀವು ಚಿಕ್ಕವರಿದ್ದಾಗ ಸಂಜೆ ಐದಕ್ಕೆ ಅಮ್ಮ ಎಲ್ಲಿರುತ್ತಿದ್ದರು?”

“ಬೀಡಿ ಬ್ರಾಂಚಿನಲ್ಲಿ. ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರ್ಲಿಕ್ಕೆ. ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗ್ತಿದ್ದರು. ಬೀಡಿ ಸರಿ ಇಲ್ಲ ಅಂತ ತೆಗೆದು ಹಾಕಿದರೆ ತಡ ಆಗ್ತಿತ್ತು. ಓಡಿಕೊಂಡೇ...”

ಅಷ್ಟಕ್ಕೆ ನಿಲ್ಲಿಸಿದರು. ನಾನೂ ಏನೂ ಸೇರಿಸಲಿಲ್ಲ.

ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಜಾಸ್ತಿ ದಿನ ಉಳಿಯುತ್ತದೆ. ಅಮ್ಮನಿಗೆ ಗೊತ್ತಿರುವ ಮಗನಿಗೆ ಎರಡು ವರ್ಷ. ಎದುರಿಗೆ ಕೂತ ನರೆತ ತಲೆಯ ಗಂಡಸು ಅವನಾಗುವುದು ಹೇಗೆ? ಗೊಂಬೆ ಅವರನ್ನು ಮಗು ಮಾಡಲಿಲ್ಲ, ತಾಯಿ ಮಾಡಿತು. ಮಗು ಕೈಗೆ ಸಿಕ್ಕಿದ ಮೇಲೆ ಗೇಟಿನ ಹತ್ತಿರ ಏನು ಕೆಲಸ?

ಇದಕ್ಕೆ ವಿರೋಧ ಇಲ್ಲ ಅಂತಲ್ಲ. ಡಿಮೆನ್ಷಿಯಾ ಇರುವವರ ವ್ಯಕ್ತಿತ್ವಕ್ಕೆ ಆಗುವ ಅವಮಾನಗಳನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1990ರ ದಶಕದಲ್ಲಿ ಪಟ್ಟಿ ಮಾಡಿದ್ದರು. ಮಗುವಿನಂತೆ ನಡೆಸಿಕೊಳ್ಳುವುದು, ಮೋಸ ಮಾಡುವುದು ಎರಡೂ ಅದರಲ್ಲಿವೆ. ಗೊಂಬೆಯ ಬಗ್ಗೆ ಆಗಿರುವ ಅಧ್ಯಯನಗಳೂ ಸಣ್ಣ ಸಣ್ಣವು. ನನ್ನ ಹತ್ತಿರ ಬಂದ ಒಬ್ಬ ಅಜ್ಜ ಗೊಂಬೆಯನ್ನು ಅಂಗಳಕ್ಕೆ ಎಸೆದಿದ್ದರು. ಅವರಿಗೆ ಹಿಡಿಸಿದ್ದು ಅಡಿಕೆ ಹೆಕ್ಕುವ ಕೆಲಸ. ಇಷ್ಟೆಲ್ಲ ಗೊತ್ತಿದ್ದೂ ನಾನು ಗೊಂಬೆ ಇರಲಿ ಅಂದೆ. ಯಾಕೆಂದರೆ ಅದನ್ನು ಯಾರೂ ಅಮ್ಮನ ಕೈಗೆ ತುರುಕಿರಲಿಲ್ಲ.

ಹೇಳಿದ್ದು ಇಷ್ಟು. ಕಣ್ಣಿಗೆ ಬೀಳುವ ಕಡೆ ಇಡಿ, ಎತ್ತಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. “ಇದು ನಿನ್ನ ಮಗು” ಅನ್ನಬೇಡಿ, “ಇದು ಗೊಂಬೆ” ಅಂತಲೂ ಅನ್ನಬೇಡಿ. “ಏನು ಮಾಡ್ತಾ ಉಂಟು?” ಅಂತ ಕೇಳಿದರೆ ಸುಳ್ಳೂ ಆಗಲ್ಲ. ಕಸಿದುಕೊಳ್ಳಬೇಡಿ, ಸ್ನಾನಕ್ಕೆ ಹೋಗುವಾಗ “ಸ್ವಲ್ಪ ಹೊತ್ತು ನಾನು ನೋಡ್ಕೊಳ್ಲಾ?” ಅಂತ ಕೇಳಿ. ಬ್ಯಾಟರಿ ಹಾಕಿ ಅಳುವ ಗೊಂಬೆ ಬೇಡವೇ ಬೇಡ. ಕಣ್ಣು ಮುಚ್ಚುವ ಗೊಂಬೆಯೂ ಬೇಡ, ಸತ್ತಿದೆ ಅಂತ ಹೆದರಬಹುದು. ಮಗು ಉಂಡಿಲ್ಲ ಅಂತ ತಾನೂ ಊಟ ಬಿಟ್ಟರೆ ನನಗೆ ತಿಳಿಸಿ. ಅಮ್ಮ ಎಂದಾದರೂ ಮಗುವನ್ನು ಕಳೆದುಕೊಂಡಿದ್ದರಾ ಅಂತಲೂ ಕೇಳಿದೆ. ಇಲ್ಲ ಅಂದರು. ಹೌದು ಅಂದಿದ್ದರೆ ಇಷ್ಟು ಸುಲಭಕ್ಕೆ ಹೂಂ ಅನ್ನುತ್ತಿರಲಿಲ್ಲ.

ಒಂದನ್ನು ಹೇಳಲು ಮರೆತೆ, ತಪ್ಪು ನನ್ನದೇ. ತಿಂಗಳ ಮೇಲೆ ಸೊಸೆ ಫೋನ್ ಮಾಡಿದರು. ಗೊಂಬೆ ಕೊಳೆಯಾಗಿತ್ತು ಅಂತ ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿದ್ದರಂತೆ. ಅಮ್ಮ ಅದನ್ನು ನೋಡಿ ಕಿರುಚಿಕೊಂಡು ಅಂಗಳಕ್ಕೆ ಓಡಿದರಂತೆ. ಅದೇ ಥರದ ಇನ್ನೊಂದು ಗೊಂಬೆ ತಂದಿಡಿ ಅಂದೆ. ನೆಂಟರು ಬಂದಾಗ ಮಗ ಈಗಲೂ ಅಮ್ಮನ ಕೋಣೆಯ ಬಾಗಿಲು ಎಳೆಯುತ್ತಾರೆ. ಎರಡನೇ ಗೊಂಬೆ ಹುಡುಕಿ ತಂದದ್ದು ಮಾತ್ರ ಅವರೇ. ಒಗೆಯುವುದಿದ್ದರೆ ಅಮ್ಮ ಮಲಗಿದ ಮೇಲೆ, ಟೆರೇಸಿನಲ್ಲಿ, ಟವೆಲ್ ಮೇಲೆ ಮಲಗಿಸಿ ಒಣಗಿಸುತ್ತಾರಂತೆ.