ಪ್ರಾಕ್ಟೀಸ್ ಮ್ಯಾಚಿನಲ್ಲಿ ಡಿಫೆನ್ಸ್ ಆಡಬಹುದೇ? ಆಡಬಹುದು, ಆದರೆ ಕೇಳಿ ಆಡಬೇಕು

ಮಗಳ ಎಫ್‌ಆರ್‌ಸಿ (ಹೈಸ್ಕೂಲ್ ಮಕ್ಕಳು ರೋಬೋ ಕಟ್ಟಿ ಆಡಿಸುವ ಸ್ಪರ್ಧೆ) ತಂಡಕ್ಕೆ ಇದು ಮೊದಲ ವರ್ಷ, ಸ್ಕೋರ್ ಮಾಡುವ ತೋಳು ಇನ್ನೂ ಸರಿಯಾಗಿಲ್ಲ, ಹಾಗಾಗಿ ಪ್ರಾಕ್ಟೀಸ್ ಮ್ಯಾಚುಗಳಲ್ಲಿ ಎದುರಾಳಿಗಳನ್ನು ಅಡ್ಡಗಟ್ಟುವುದನ್ನೇ ಅಭ್ಯಾಸ ಮಾಡೋಣ ಎಂದು ಕೋಚ್ ಹೇಳಿದ್ದಾರೆ, ಬೇರೆಯವರು ಬೇಸರ ಮಾಡಿಕೊಳ್ಳುತ್ತಾರಾ ಎಂದು ಕೇಳಿದ್ದೀರಿ. ಹೇಳದೆ ಕೇಳದೆ ಹೋಗಿ ಗುದ್ದಿದರೆ ಖಂಡಿತ ಮಾಡಿಕೊಳ್ಳುತ್ತಾರೆ. ಮೊದಲೇ ಮಾತಾಡಿಕೊಂಡರೆ ಎಷ್ಟೋ ತಂಡಗಳು ಖುಷಿಯಿಂದ ಒಪ್ಪುತ್ತವೆ.

ನಾನು ಇಲ್ಲಿ ಅಮೆರಿಕದಲ್ಲಿ ಒಂದು ಹೈಸ್ಕೂಲ್ ತಂಡಕ್ಕೆ ಮೆಂಟರ್. ಪ್ರಾಕ್ಟೀಸ್ ಮ್ಯಾಚಿನ ಅಂಕ ರ‍್ಯಾಂಕಿಂಗ್‌ಗೆ ಸೇರುವುದಿಲ್ಲ. ತಮ್ಮ ರೋಬೋ ಎಲ್ಲಿ ಕೈಕೊಡುತ್ತದೆ ಎಂದು ನೋಡಿಕೊಳ್ಳಲು ಎಲ್ಲರೂ ಅಲ್ಲಿಗೆ ಬಂದಿರುತ್ತಾರೆ. ಶಾಲೆಯಲ್ಲಿ ಚೆನ್ನಾಗಿ ಓಡಿದ ಆಟೊ (ಡ್ರೈವರ್ ಇಲ್ಲದೆ ರೋಬೋ ತಾನೇ ಓಡುವ ಹೊತ್ತು) ಕೋಡ್ ಸ್ಪರ್ಧೆಯ ಫೀಲ್ಡಿನಲ್ಲಿ ಅರ್ಧ ಅಡಿ ಆಚೆ ಹೋಗಿ ನಿಲ್ಲುತ್ತದೆ. ಅಲ್ಲಿನ ಬೆಳಕಿಗೆ ಕ್ಯಾಮೆರಾ ಏಪ್ರಿಲ್‌ಟ್ಯಾಗ್ (ರೋಬೋ ತಾನೆಲ್ಲಿದೆ ಎಂದು ತಿಳಿಯಲು ಫೀಲ್ಡಿನಲ್ಲಿ ಅಂಟಿಸಿದ ಚೌಕ ಗುರುತು) ಗುರುತಿಸದೆ ಒದ್ದಾಡುತ್ತದೆ. ಒಂದು ರೋಬೋ ಫೀಲ್ಡಿನ ನಡುವೆ ಸುಮ್ಮನೆ ನಿಂತುಬಿಟ್ಟಿತು ಎನ್ನಿ. ರೇಡಿಯೊಗೆ ಹೋಗುವ ವೈರ್ ಸಡಿಲವಾಯಿತೋ, ಬ್ಯಾಟರಿ ಕನೆಕ್ಟರ್ ಬಿಟ್ಟುಕೊಂಡಿತೋ, ಕೋಡ್ ಕ್ರ್ಯಾಶ್ ಆಯಿತೋ? ಪಿಟ್‌ಗೆ (ತಂಡ ರೋಬೋ ರಿಪೇರಿ ಮಾಡುವ ಜಾಗ) ಹೋಗಿ ಲಾಗ್ ನೋಡುತ್ತಾ ಹುಡುಗರು ಹುಡುಕಬೇಕು. ಅದಕ್ಕೆ ಮುಂಚೆ ನೀವು ಒಮ್ಮೆ ಗುದ್ದಿದ್ದರೆ, ಅದು ತಾನಾಗಿ ಕೆಟ್ಟಿದ್ದೋ ಗುದ್ದಿದ್ದಕ್ಕೆ ಕೆಟ್ಟಿದ್ದೋ ಹೇಳುವುದು ಕಷ್ಟ. ಆ ಮ್ಯಾಚಿನಿಂದ ಅವರಿಗೆ ಸಿಗಬೇಕಾದ ಮಾಹಿತಿಯೇ ಹಾಳಾಯಿತು. ನನಗೆ ಸಂಕಟವಾಗುವುದು ಇದಕ್ಕೇ. ಅದೇ ಗುದ್ದು ಅವರಿಗೆ ಗೊತ್ತಿದ್ದು ಬಿದ್ದರೆ ಒಳ್ಳೆಯ ಪರೀಕ್ಷೆ. ಯಾವ ವೈರ್ ಕಳಚುತ್ತದೆ, ಹೊರಗೆ ಚಾಚಿದ ಇಂಟೇಕ್ (ಆಟದ ವಸ್ತುಗಳನ್ನು ಒಳಗೆಳೆದುಕೊಳ್ಳುವ ಭಾಗ) ಬಾಗುತ್ತದಾ ಎಂದು ಅವತ್ತೇ ತಿಳಿಯುತ್ತದೆ.

ಮ್ಯಾಚಿಗೆ ಮೊದಲು ಕ್ಯೂನಲ್ಲಿ ನಿಂತಿರುವಾಗ ಎದುರು ಅಲಯನ್ಸಿನ (ಮ್ಯಾಚಿನಲ್ಲಿ ಒಂದೇ ಕಡೆ ಆಡುವ ತಂಡಗಳ ಗುಂಪು) ಮೂರೂ ತಂಡಗಳ ಹತ್ತಿರ ಹೋಗಿ. ದೊಡ್ಡವರಿಗಿಂತ ಡ್ರೈವರ್ ಮಕ್ಕಳೇ ಕೇಳಿದರೆ ಚೆನ್ನ. "ನಮಗೆ ಡಿಫೆನ್ಸ್ ಅಭ್ಯಾಸ ಆಗಬೇಕು. ನೀವು ಒಂದೆರಡು ಸಲ ಸ್ಕೋರ್ ಮಾಡಿಕೊಂಡ ಮೇಲೆ ಸ್ವಲ್ಪ ಹೊತ್ತು ನಿಮ್ಮನ್ನು ತಡೆಯಬಹುದಾ?" ಎಂದರೆ ಸಾಕು. ಒಬ್ಬರು ಹೂಂ ಅನ್ನಬಹುದು, ಪಕ್ಕದವರು ಬೇಡ ಅನ್ನಬಹುದು. ಯಾರು ಏನೆಂದರು ಎಂಬುದನ್ನು ಬಂಪರ್ ಮೇಲಿನ ತಂಡದ ನಂಬರ್ ಸಮೇತ ನೆನಪಿಟ್ಟುಕೊಳ್ಳಿ. ಮೂವರೂ ಬೇಡ ಎಂದರೆ ಒತ್ತಾಯ ಮಾಡಬೇಡಿ, ನಿಮ್ಮದೇ ಅಲಯನ್ಸಿನಲ್ಲಿ ಒಪ್ಪುವವರನ್ನು ತಡೆದು ಅಭ್ಯಾಸ ಮಾಡಿ. ಬಲವಾದ ತಂಡಗಳನ್ನು ಕೇಳಲು ಹಿಂಜರಿಯಬೇಡಿ. ಅವರ ಡ್ರೈವರ್‌ಗಳಿಗೂ ಡಿಫೆನ್ಸ್ ತಪ್ಪಿಸಿಕೊಂಡು ಓಡಿಸುವ ಅಭ್ಯಾಸ ಬೇಕಿರುತ್ತದೆ.

ಒಪ್ಪಿಗೆ ಸಿಕ್ಕರೂ ಆಟೊ ನಡೆಯುವಾಗ, ರೋಬೋ ಕೆಟ್ಟು ನಿಂತಾಗ, ಮ್ಯಾಚಿನ ಕೊನೆಯಲ್ಲಿ ಅದು ಮೇಲೆ ಹತ್ತುತ್ತಿರುವಾಗ ಹತ್ತಿರ ಹೋಗಲೇಬೇಡಿ. ದೂರದಿಂದ ವೇಗವಾಗಿ ಬಂದು ಡಿಕ್ಕಿ ಹೊಡೆಯುವುದೂ ಬೇಡ. 2025ರ ನಿಯಮದಲ್ಲಿ ಬಂಪರ್, ಬ್ಯಾಟರಿ ಬಿಟ್ಟೇ ರೋಬೋ 115 ಪೌಂಡ್, ಅಂದರೆ ಸುಮಾರು 52 ಕಿಲೋ ಇರಬಹುದಿತ್ತು. ಅಷ್ಟು ಭಾರ ಓಡಿ ಬಂದು ಬಡಿದರೆ ಪೆಟ್ಟು ಸಣ್ಣದಲ್ಲ. ದಾರಿಗೆ ಅಡ್ಡ ನಿಂತು ಬಂಪರಿಗೆ ಬಂಪರ್ ಕೊಟ್ಟು ತಳ್ಳಿ, ಅಸಲಿ ಡಿಫೆನ್ಸ್ ಅದೇ. ಎದುರಾಳಿಯನ್ನು ಗೋಡೆಗೆ ಒತ್ತಿ ಹಿಡಿದರೆ ಕೋಚ್ ಗಟ್ಟಿಯಾಗಿ ಸೆಕೆಂಡ್ ಎಣಿಸಲಿ. ಪ್ರಾಕ್ಟೀಸ್‌ನಲ್ಲಿ ಅಂಕಕ್ಕೆ ಬೆಲೆ ಇಲ್ಲದಿದ್ದರೂ ಹೆಚ್ಚು ಹೊತ್ತು ಒತ್ತಿ ಹಿಡಿಯುವುದೇ ರೂಢಿಯಾದರೆ ರ‍್ಯಾಂಕಿಂಗ್‌ಗೆ ಸೇರುವ ಕ್ವಾಲಿಫಿಕೇಶನ್ ಮ್ಯಾಚುಗಳಲ್ಲಿ ಪೆನಾಲ್ಟಿ ಬೀಳುತ್ತದೆ.

ಮ್ಯಾಚ್ ಮುಗಿದ ಮೇಲೆ ಅವರ ಪಿಟ್‌ಗೆ ಹೋಗಿ ಏನಾದರೂ ಮುರಿದಿದೆಯಾ ಎಂದು ವಿಚಾರಿಸಿ. ಮುರಿದಿದ್ದರೆ ರಿಪೇರಿಗೆ ಕೈ ಜೋಡಿಸಿ.

ಕೆಲವರು ಡಿಫೆನ್ಸ್ ಆಡುವುದೇ ಈ ಸ್ಪರ್ಧೆಯ ಆದರ್ಶವಾದ ಗ್ರೇಷಿಯಸ್ ಪ್ರೊಫೆಷನಲಿಸಂಗೆ ವಿರುದ್ಧ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಮಾತನ್ನು ಕೊಟ್ಟ ಎಂಐಟಿಯ ವುಡಿ ಫ್ಲವರ್ಸ್ ಅವರ ಆಶಯ ಜೋರಾಗಿ ಸ್ಪರ್ಧಿಸುತ್ತಲೇ ಎದುರಿನವರನ್ನು ಗೌರವಿಸಬೇಕು ಎಂಬುದು. ಕ್ವಾಲಿಫಿಕೇಶನ್ ಶುರುವಾದ ಮೇಲೆ ಯಾರ ಒಪ್ಪಿಗೆಯೂ ಬೇಕಿಲ್ಲ, ನಿಯಮದೊಳಗೆ ಧೈರ್ಯವಾಗಿ ತಡೆಯಿರಿ.

ಇನ್ನೊಂದು ವಿಷಯ: ಪ್ರಾಕ್ಟೀಸ್ ದಿನ ಎಷ್ಟೋ ರೋಬೋಗಳು ಸಮಯಕ್ಕೆ ಸಿದ್ಧವಾಗಿರುವುದಿಲ್ಲ. ಹಾಗೆ ಖಾಲಿಯಾದ ಜಾಗ ಫಿಲ್ಲರ್ ಲೈನ್‌ನಲ್ಲಿ ನಿಂತವರಿಗೆ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಅಲ್ಲಿ ನಿಲ್ಲಲು ನಿಮ್ಮ ಮಗಳ ತಂಡಕ್ಕೆ ಹೇಳಿ.